ಧಾರವಾಡ ಕೊಟ್ಟರೆ ‘ರವ’ ಬಂತು: ಓಪನ್ ಸೋರ್ಸ್ ಲೈಬ್ರರಿಗೆ ಬಗ್ ರಿಪೋರ್ಟ್, ಟೆಸ್ಟ್, ಕೋಡ್ ಕಳಿಸುವ ಸಮಗ್ರ ಮಾರ್ಗದರ್ಶಿ

ಕನ್ನಡ ಸುದ್ದಿಗಳನ್ನು ಊರುವಾರು ಬೇರ್ಪಡಿಸುವ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೆ. ಪೈಥಾನ್‌ನಲ್ಲಿ ಇಂಥ ಕೆಲಸಕ್ಕೆ ಎಲ್ಲರೂ ಬಳಸುವ ಸೈಕಿಟ್-ಲರ್ನ್ ಲೈಬ್ರರಿಯನ್ನೇ (ಸಿದ್ಧ ಕೋಡಿನ ಸಂಗ್ರಹ) ನಾನೂ ಹಿಡಿದೆ. ಅದರಲ್ಲಿ ಕೌಂಟ್‌ವೆಕ್ಟರೈಸರ್ ಎಂಬ ಸಲಕರಣೆ ಇದೆ. ಬರಹ ಕೊಟ್ಟರೆ ಪದಗಳಾಗಿ ಒಡೆದು, ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿಕೊಡುತ್ತದೆ. ಪರೀಕ್ಷೆಗೆ ಅಂತ ಒಂದಷ್ಟು ಊರಿನ ಹೆಸರು ಕೊಟ್ಟೆ.

‘ಧಾರವಾಡ’ ಕೊಟ್ಟರೆ ‘ರವ’ ಬಂತು. ‘ಬೀದರ್’ ಹೋಗಿ ‘ದರ’ ಆಯಿತು. ‘ಬೆಂಗಳೂರು’ ಎಂಬುದರಲ್ಲಿ ಉಳಿದದ್ದು ‘ಗಳ’ ಮಾತ್ರ. ‘ಮೈಸೂರು’ ಒಂದನ್ನೇ ಕೊಟ್ಟಾಗಂತೂ ಎರರ್ ಬಂತು: ಪದಪಟ್ಟಿ ಖಾಲಿ ಇದೆ, ಬಹುಶಃ ನಿಮ್ಮ ಬರಹದಲ್ಲಿ ಬರೀ ಸ್ಟಾಪ್ ವರ್ಡ್‌ಗಳೇ (ಎಣಿಕೆಯಿಂದ ಬಿಡುವ ‘ಮತ್ತು’, ‘ಆದರೆ’ಯಂಥ ಪದಗಳು) ಇರಬೇಕು ಅಂತ! ಇಡೀ ಪಟ್ಟಿಯಲ್ಲಿ ಗಾಯವಾಗದೆ ಹೊರಬಂದದ್ದು ‘ಗದಗ’ ಮಾತ್ರ. ಅದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

ಓಪನ್ ಸೋರ್ಸ್‌ಗೆ ಕೈಜೋಡಿಸುವುದು ಹೇಗೆ ಎಂದು ಕೇಳುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ. ಸುಮ್ನೆ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ‘ಹೊಸಬರಿಗೆ ತಕ್ಕ ಇಶ್ಯೂ’ (ದಾಖಲಾದ ದೂರು ಅಥವಾ ಕೆಲಸ) ಹುಡುಕುತ್ತಾ ಕೂರುವುದಕ್ಕಿಂತ, ನಿಮ್ಮ ಕೈಗೆ ಚುಚ್ಚಿದ ಮುಳ್ಳಿನಿಂದ ಶುರು ಮಾಡುವುದು ಎಷ್ಟೋ ವಾಸಿ. ಅಂಥ ಹೊಸಬರ ಇಶ್ಯೂ ಒಂದಕ್ಕೆ ಎಷ್ಟೋ ಜನ ಮುಗಿಬೀಳುತ್ತಾರೆ. ಕನ್ನಡದ ಒತ್ತಕ್ಷರ ಮುರಿದದ್ದನ್ನು ನೋಡಿದ ತಕ್ಷಣ ಗುರುತಿಸುವವರು ಆ ಪ್ರಾಜೆಕ್ಟಿನಲ್ಲಿ ನೀವೊಬ್ಬರೇ ಇರಬಹುದು.

ಒಂದು ಮಾತು. ಕೆಳಗಿನ ಆಜ್ಞೆಗಳನ್ನೂ ಕೋಡನ್ನೂ ಓದಲು ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಹಂತ 1: ತಪ್ಪು ಯಾರದ್ದು ಎಂದು ಮೊದಲು ನೋಡಿ

ಏನಾದರೂ ಮುರಿದಾಗ ಮೊದಲ ಅನುಮಾನ ನಮ್ಮ ಕೋಡಿನ ಮೇಲೇ ಇರಲಿ. ನಿಮ್ಮ ಪ್ರೋಗ್ರಾಂನಿಂದ ಫೈಲ್ ಓದುವುದು, ಡೇಟಾಬೇಸ್, ಲೂಪ್ ಎಲ್ಲವನ್ನೂ ಕಿತ್ತುಹಾಕುತ್ತಾ ಬನ್ನಿ. ಇಷ್ಟು ಕಿತ್ತರೂ ಸಮಸ್ಯೆ ಉಳಿಯಿತೇ? ಇನ್ನಷ್ಟು ಕಿತ್ತುಹಾಕಿ. ನನ್ನ ಇನ್ನೂರು ಸಾಲಿನ ಪ್ರೋಗ್ರಾಂ ಕೊನೆಗೆ ಇಷ್ಟಕ್ಕೆ ಇಳಿಯಿತು:

ಕೌಂಟ್‌ವೆಕ್ಟರೈಸರ್().ಬಿಲ್ಡ್_ಟೋಕನೈಸರ್()("ಧಾರವಾಡ")

ಉತ್ತರ: ["ರವ"]. ಒಂದೇ ಸಾಲು. ಫೈಲಿನದ್ದೂ ತಪ್ಪಲ್ಲ, ಫಾಂಟಿನದ್ದೂ ಅಲ್ಲ.

ಈಗ ಲೈಬ್ರರಿಯ ಕೋಡನ್ನೇ ತೆರೆಯಿರಿ. ಓಪನ್ ಸೋರ್ಸ್ ಅಂದಮೇಲೆ ಒಳಗೆ ಇಣುಕಲು ಯಾರನ್ನೂ ಕೇಳಬೇಕಿಲ್ಲ. ಪದ ಒಡೆಯಲು ಅದು ಬರಹದಲ್ಲಿ ಮಾದರಿ ಹುಡುಕುವ ಒಂದು ಸೂತ್ರ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸುತ್ತದೆ. ಅದರ ಅರ್ಥ ‘ಎರಡು ಅಥವಾ ಹೆಚ್ಚು ಪದಾಕ್ಷರಗಳು ಒಟ್ಟಿಗೆ ಇರುವ ಕಡೆ ಒಂದು ಪದ’. ಪದಾಕ್ಷರಕ್ಕೆ ಅದರಲ್ಲಿನ ಚಿಹ್ನೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ. ಯಾವುದು ಪದಾಕ್ಷರ ಎಂದು ತೀರ್ಮಾನಿಸುವುದು ಸೈಕಿಟ್-ಲರ್ನ್ ಅಲ್ಲ, ಪೈಥಾನ್‌ನ ಸ್ವಂತ ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡ್ಯೂಲ್. ಅದರ ಲೆಕ್ಕದಲ್ಲಿ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಪದಾಕ್ಷರಗಳು. ಆದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್‌ನಲ್ಲಿ ನಮ್ಮ ದೀರ್ಘ, ಕೊಂಬು, ಏತ್ವ, ಸೊನ್ನೆ, ಹಲಂತ ಇವೆಲ್ಲ ‘ಅಕ್ಷರ’ದ ಗುಂಪಿನಲ್ಲಿಲ್ಲ, ‘ಗುರುತು’ ಎಂಬ ಬೇರೆ ಗುಂಪಿನಲ್ಲಿವೆ. ಹಾಗಾಗಿ ಇಂಥ ಪ್ರತಿ ಗುರುತಿನ ಹತ್ತಿರ ಪದ ತುಂಡಾಗುತ್ತದೆ. ಒಂಟಿ ಅಕ್ಷರದ ತುಂಡುಗಳು ಕಸದ ಬುಟ್ಟಿಗೆ ಹೋಗುತ್ತವೆ. ‘ಗದಗ’ದಲ್ಲಿ ಇಂಥ ಯಾವ ಗುರುತೂ ಇಲ್ಲ. ಅದಕ್ಕೇ ಬದುಕಿತು.

ಅಂದರೆ ಇಲ್ಲಿ ಮೂರು ಪದರಗಳಿವೆ: ನನ್ನ ಪ್ರೋಗ್ರಾಂ, ಸೈಕಿಟ್-ಲರ್ನ್, ಅದರ ಕೆಳಗೆ ಪೈಥಾನ್. ಯಾವ ಪದರದಲ್ಲಿ ಮುರಿದಿದೆ ಎಂದು ಗೊತ್ತಾಗದೆ ಬಗ್ ರಿಪೋರ್ಟ್ ಬರೆದರೆ, ಅದು ತಪ್ಪು ಮನೆಯ ಬಾಗಿಲು ಬಡಿದ ಹಾಗೆ.

ಹಂತ 2: ಬೇರೆಯವರು ಆಗಲೇ ಹೇಳಿದ್ದಾರಾ?

ಹುಡುಕಿ. ತೆರೆದ ಇಶ್ಯೂಗಳಲ್ಲಷ್ಟೇ ಅಲ್ಲ, ಮುಚ್ಚಿದವುಗಳಲ್ಲೂ ಹುಡುಕಿ. ‘ಕನ್ನಡ’ ಎಂದು ಹುಡುಕಿದರೆ ಏನೂ ಸಿಗದೇ ಹೋಗಬಹುದು. ಇದೇ ನೋವು ಹಿಂದಿ, ತಮಿಳು, ಬಂಗಾಳಿಯವರಿಗೂ ಇದೆ. ಹಾಗಾಗಿ ಆ ಭಾಷೆಗಳ ಹೆಸರಿನಿಂದಲೂ, ಯೂನಿಕೋಡ್, ಟೋಕನ್ ಪ್ಯಾಟರ್ನ್ (ಪದ ಒಡೆಯುವ ಆ ಸೂತ್ರ) ಎಂಬ ಪದಗಳಿಂದಲೂ ಹುಡುಕಿ.

ನಮ್ಮ ಉದಾಹರಣೆಯಲ್ಲಿ ಹುಡುಕಾಟ ಪೈಥಾನ್‌ನ ಬಗ್ ಪಟ್ಟಿಯತ್ತ ಕರೆದೊಯ್ಯುತ್ತದೆ. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಯೂನಿಕೋಡ್ ನಿಯಮದಂತೆ ನಡೆಯುತ್ತಿಲ್ಲ ಎಂದು ಅಲ್ಲಿ 2011ರಲ್ಲೇ 12731ನೇ ನಂಬರಿನ ದೂರು ದಾಖಲಾಗಿದೆ. ಹತ್ತು ವರ್ಷ ದಾಟಿದರೂ ಅದು ಸುಲಭಕ್ಕೆ ಬಗೆಹರಿಯಲಿಲ್ಲ. ಬದಲಾಯಿಸಿದರೆ ಹಳೆಯ ವರ್ತನೆಯನ್ನೇ ನಂಬಿ ಬರೆದ ಕೋಡ್ ಎಲ್ಲೆಲ್ಲಿ ಮುರಿಯುತ್ತದೋ! ಇಂಥದ್ದು ಸಿಕ್ಕಾಗ ಹೊಸ ದೂರು ಬರೆಯಬೇಡಿ. ‘ನನಗೂ ಹೀಗೇ’ ಎಂದು ಬರೀ ಒಂದು ಸಾಲು ಹಾಕುವುದೂ ಬೇಡ, ಹೆಬ್ಬೆರಳು ಎತ್ತಿದ ಗುರುತು (ಥಂಬ್ಸ್ ಅಪ್) ಒತ್ತಿದರೆ ಸಾಕು. ಹೊಸ ಮಾಹಿತಿ ಇದ್ದರೆ ಮಾತ್ರ ಬರೆಯಿರಿ.

ಪಾರಾಗುವ ದಾರಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೌಂಟ್‌ವೆಕ್ಟರೈಸರ್‌ಗೆ ನಿಮ್ಮದೇ ಟೋಕನ್ ಪ್ಯಾಟರ್ನ್ ಕೊಡಬಹುದು. ಯೂನಿಕೋಡ್‌ನಲ್ಲಿ ಕನ್ನಡದ ಜಾಗ ದಶಮಾನ ಲೆಕ್ಕದಲ್ಲಿ 3200ರಿಂದ 3327. ‘ಈ ವ್ಯಾಪ್ತಿಯಲ್ಲಿ ಒಟ್ಟಿಗೆ ಬಂದದ್ದೆಲ್ಲ ಒಂದು ಪದ’ ಎಂದು ಪ್ಯಾಟರ್ನ್ ಬರೆದೆ. ಧಾರವಾಡ ವಾಪಸ್ ಬಂತು, ಮೈಸೂರೂ ಬಂತು. ಗೆದ್ದೆ ಅಂದುಕೊಂಡೆ. ಮಾರನೇ ದಿನ ‘ಫೇಸ್‌ಬುಕ್‌ನಲ್ಲಿ’ ಎಂಬ ಪದ ಮೂರು ತುಂಡಾಗಿ ಬಿದ್ದಿತ್ತು. ‘ಸ್‌’ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ಒತ್ತು ಕೂಡದಂತೆ ತಡೆಯಲು ಕೀಬೋರ್ಡ್ ಹಾಕುವ ಸೊನ್ನೆ ಅಗಲದ ಅಕ್ಷರ. ಅದರ ನಂಬರ್ 8204, ಕನ್ನಡದ ವ್ಯಾಪ್ತಿಯ ಹೊರಗೆ. ಅದನ್ನೂ, ಅದರ ಅವಳಿಯಾದ 8205ನ್ನೂ ಪ್ಯಾಟರ್ನಿಗೆ ಸೇರಿಸಿದ ಮೇಲೆ ಸರಿಹೋಯಿತು.

ಹಂತ 3: ಬಗ್ ರಿಪೋರ್ಟ್ ಬರೆಯುವುದು

ಈಗ ಕೈಗೆ ಸಿಗುವಷ್ಟು ಸಣ್ಣ ಇನ್ನೊಂದು ತೊಂದರೆ ತೆಗೆದುಕೊಳ್ಳೋಣ. ಇದೇ ಲೈಬ್ರರಿಯಲ್ಲಿ ಆಕ್ಸೆಂಟ್ ಗುರುತುಗಳನ್ನು ತೆಗೆಯುವ ಒಂದು ಫಂಕ್ಷನ್ ಇದೆ: ಸ್ಟ್ರಿಪ್_ಆಕ್ಸೆಂಟ್ಸ್_ಯೂನಿಕೋಡ್. ಫ್ರೆಂಚ್ ಅಕ್ಷರಗಳ ಮೇಲಿನ ಗೆರೆ, ಚುಕ್ಕಿ ತೆಗೆದು ಸಾದಾ ಅಕ್ಷರ ಮಾಡುವುದು ಅದರ ಕೆಲಸ. ತಾನಾಗಿ ಓಡುವುದಿಲ್ಲ, ನಾವು ಕೇಳಿದರೆ ಮಾತ್ರ. ಅದಕ್ಕೆ ‘ಕನ್ನಡ’ ಕೊಟ್ಟರೆ ‘ಕನನಡ’ ಬರುತ್ತದೆ. ‘ಅಕ್ಕ’ ಕೊಟ್ಟರೆ ‘ಅಕಕ’. ಅದು ಮೊದಲು ಅಕ್ಷರಗಳನ್ನು ಬಿಡಿಭಾಗಗಳಾಗಿ ಬಿಡಿಸುತ್ತದೆ, ಆಮೇಲೆ ಯೂನಿಕೋಡ್‌ನ ‘ಕೂಡುವ ವರ್ಗ’ ಸೊನ್ನೆ ಅಲ್ಲದ ಎಲ್ಲವನ್ನೂ ಎಸೆಯುತ್ತದೆ. ಹಲಂತದ ವರ್ಗ 9. ಪಾಪ, ಅದೂ ಆಕ್ಸೆಂಟ್‌ಗಳ ಜೊತೆ ಹೊರಹೋಗುತ್ತದೆ.

ಸೈಕಿಟ್-ಲರ್ನ್‌ನ ಬಗ್ ಫಾರ್ಮ್‌ನಲ್ಲಿ ಮುಖ್ಯವಾಗಿ ಐದು ಜಾಗ ಇವೆ: ಏನು ತೊಂದರೆ, ಮರಳಿ ಮಾಡಿ ತೋರಿಸುವ ಕೋಡ್, ಏನು ಬರಬೇಕಿತ್ತು, ಏನು ಬಂತು, ಆವೃತ್ತಿಗಳು. ಐದರಲ್ಲಿ ಎರಡನೆಯದೇ ಜೀವ. ಓದುವವರು ಅದನ್ನು ಹಾಗೇ ಅಂಟಿಸಿ ಓಡಿಸಿದರೆ ನಿಮಗೆ ಬಂದದ್ದೇ ಅವರಿಗೂ ಬರಬೇಕು. ಆವೃತ್ತಿಗಳನ್ನು ನೆನಪಿನಿಂದ ಬರೆಯಬೇಡಿ. ಎಸ್‌ಕೆಲರ್ನ್.ಶೋ_ವರ್ಷನ್ಸ್() ಓಡಿಸಿ, ಬಂದದ್ದನ್ನು ಅಂಟಿಸಿ.

ಕನ್ನಡದ ಬಗ್ ವರದಿ ಮಾಡುವಾಗ ಒಂದು ವಿಶೇಷ ಎಚ್ಚರ ಬೇಕು. ಓದುವವರಿಗೆ ಕನ್ನಡ ಬರುವುದಿಲ್ಲ. ‘ಕನ್ನಡ’ಕ್ಕೂ ‘ಕನನಡ’ಕ್ಕೂ ವ್ಯತ್ಯಾಸ ಅವರ ಕಣ್ಣಿಗೆ ಬೀಳದೇ ಇರಬಹುದು. ಕೆಲವರ ಪರದೆಯಲ್ಲಿ ಚೌಕ ಡಬ್ಬಿಗಳು ಕಾಣಬಹುದು. ಹಾಗಾಗಿ ಸ್ಕ್ರೀನ್‌ಶಾಟ್ ಕಳಿಸಿ ಸುಮ್ಮನಾಗಬೇಡಿ. ಪ್ರತಿ ಅಕ್ಷರದ ಯೂನಿಕೋಡ್ ನಂಬರನ್ನು ಆರ್ಡ್ ಫಂಕ್ಷನ್‌ನಿಂದ ತೆಗೆದು ಬರೆಯಿರಿ: ಒಳಗೆ ಹೋದದ್ದು ಐದು, ಹೊರಬಂದದ್ದು ನಾಲ್ಕು, ಕಳೆದುಹೋದದ್ದು 3277, ಅಂದರೆ ಹಲಂತ. ಇದಾದ ಮೇಲೆ ಒಂದು ಸಾಲಿನ ವಿವರಣೆ: ‘ಈ ಗುರುತು ಆಕ್ಸೆಂಟ್ ಅಲ್ಲ. ಇದನ್ನು ತೆಗೆದರೆ ಪದದ ಉಚ್ಚಾರವೇ ಬದಲಾಗುತ್ತದೆ, ಬೇರೆ ಪದವಾಗುತ್ತದೆ.’ ಇಷ್ಟಿದ್ದರೆ ಬರ್ಲಿನ್‌ನಲ್ಲಿ ಕೂತವರಿಗೂ ಅರ್ಥವಾಗುತ್ತದೆ.

ಇಂಗ್ಲಿಷ್ ಬಗ್ಗೆ ಹೆದರಿಕೆ ಬೇಡ. ಅಲ್ಲಿ ಬರೆಯುವ ಎಷ್ಟೋ ಜನರಿಗೆ ಇಂಗ್ಲಿಷ್ ಎರಡನೇ ಭಾಷೆಯೇ. ಸಣ್ಣ ವಾಕ್ಯ ಬರೆಯಿರಿ. ‘ಗೌರವಾನ್ವಿತ ಸರ್, ದಯಮಾಡಿ ತುರ್ತಾಗಿ ಕ್ರಮ ಕೈಗೊಳ್ಳಿ’ ಎಂಬ ಅರ್ಜಿಯ ಧಾಟಿ ಬಿಡಿ. ನಮಗೆ ಶಾಲೆಯಿಂದಲೇ ಅಂಟಿದ ಅಭ್ಯಾಸ ಅದು, ಅಲ್ವಾ? ಅಲ್ಲಿ ಅದು ಒತ್ತಡದ ಹಾಗೆ ಕೇಳಿಸುತ್ತದೆ. ಲೈಬ್ರರಿಯನ್ನು ನೋಡಿಕೊಳ್ಳುವ ಮೇಂಟೇನರ್‌ಗಳಲ್ಲಿ ಬಹಳ ಮಂದಿ ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರು.

ವರದಿ ಹಾಕಿದ ತಕ್ಷಣ ಕೋಡ್ ಬರೆಯಲು ಓಡಬೇಡಿ. ಕಾಯಿರಿ. ಇದು ಬಗ್ ಹೌದೋ ಅಲ್ಲವೋ, ಬದಲಾಯಿಸಲು ಅವರಿಗೆ ಮನಸ್ಸಿದೆಯೋ ಇಲ್ಲವೋ ಮೊದಲು ತಿಳಿಯಲಿ. ‘ಈ ಫಂಕ್ಷನ್ ಇರುವುದೇ ಗುರುತು ತೆಗೆಯಲು, ಕನ್ನಡಕ್ಕೆ ಬಳಸಬೇಡಿ ಎಂದು ದಾಖಲೆಯಲ್ಲಿ ಒಂದು ಸಾಲು ಸೇರಿಸೋಣ’ ಎಂದೂ ಅವರು ಹೇಳಬಹುದು. ಅದೂ ನ್ಯಾಯವಾದ ಉತ್ತರವೇ. ನಾನು ಮೊದಲ ಸಲ ಬೇರೊಂದು ಪ್ರಾಜೆಕ್ಟಿಗೆ ಯಾರನ್ನೂ ಕೇಳದೆ ಎರಡು ವಾರಾಂತ್ಯ ಕೂತು ನಾನೂರು ಸಾಲು ಬರೆದು ಕಳಿಸಿದ್ದೆ. ‘ಇದು ನಮ್ಮ ಲೈಬ್ರರಿಯ ವ್ಯಾಪ್ತಿಯಲ್ಲಿ ಬರುವುದಿಲ್ಲ, ಧನ್ಯವಾದ’ ಎಂಬ ಒಂದು ಸಾಲಿನ ಉತ್ತರ ಬಂತು. ತಪ್ಪು ನನ್ನದೇ.

ಹಂತ 4: ನಿಮ್ಮ ಯಂತ್ರದಲ್ಲಿ ತಯಾರಿ

ಸರಿ, ಅವರು ಒಪ್ಪಿದರು ಅಂದುಕೊಳ್ಳಿ. ಆ ಇಶ್ಯೂ ನೀವೇ ಮಾಡುತ್ತೀರಿ ಎಂದು ತಿಳಿಸಿ. ಸೈಕಿಟ್-ಲರ್ನ್‌ನಲ್ಲಿ ಅದಕ್ಕೆ ಸ್ಲ್ಯಾಶ್ ಹಾಕಿ ‘ಟೇಕ್’ ಎಂದು ಕಾಮೆಂಟ್ ಬರೆಯುವ ಪದ್ಧತಿ ಇದೆ. ಪ್ರಾಜೆಕ್ಟಿನ ‘ಕಾಂಟ್ರಿಬ್ಯೂಟಿಂಗ್’ ಪುಟವನ್ನು ಪೂರ್ತಿ ಓದಿ. ಬೇಜಾರಾಗುತ್ತದೆ, ಆದರೂ ಓದಿ. ಪ್ರತಿ ಮನೆಗೂ ಅದರದ್ದೇ ರೀತಿ ರಿವಾಜು.

ಗಿಟ್‌ಹಬ್‌ನಲ್ಲಿ ಫೋರ್ಕ್ ಒತ್ತಿ ನಿಮ್ಮದೇ ಪ್ರತಿ ಮಾಡಿಕೊಳ್ಳಿ. ಆಮೇಲೆ:

ಗಿಟ್ ಕ್ಲೋನ್ (ನಿಮ್ಮ ಫೋರ್ಕಿನ ವಿಳಾಸ)
ಗಿಟ್ ರಿಮೋಟ್ ಆಡ್ ಅಪ್‌ಸ್ಟ್ರೀಮ್ (ಮೂಲ ಪ್ರಾಜೆಕ್ಟಿನ ವಿಳಾಸ)
ಗಿಟ್ ಫೆಚ್ ಅಪ್‌ಸ್ಟ್ರೀಮ್
ಗಿಟ್ ಸ್ವಿಚ್ -ಸಿ ಹಲಂತ ಅಪ್‌ಸ್ಟ್ರೀಮ್/ಮೇನ್

ಕೊನೆಯ ಸಾಲು ಮರೆಯಬೇಡಿ. ಮೇನ್ ಬ್ರಾಂಚಿನಲ್ಲೇ (ಕೋಡಿನ ಮುಖ್ಯ ಕವಲಿನಲ್ಲೇ) ಕೆಲಸ ಶುರು ಮಾಡಿದರೆ ಮುಂದೆ ಗೋಜಲಾಗುತ್ತದೆ. ಪ್ರತಿ ಬದಲಾವಣೆಗೆ ಒಂದು ಬ್ರಾಂಚ್.

ಸೈಕಿಟ್-ಲರ್ನ್ ಬರೀ ಪೈಥಾನ್ ಅಲ್ಲ, ಒಳಗೆ ಸೈಥಾನ್ ಮತ್ತು ಸಿ++ ಎಂಬ ಬೇರೆ ಭಾಷೆಗಳ ಕೋಡೂ ಇದೆ. ಹಾಗಾಗಿ ಪ್ರತ್ಯೇಕ ಎನ್‌ವಿರಾನ್‌ಮೆಂಟ್ ಮಾಡಿ, ಕಂಪೈಲರ್ ಹಾಕಿಕೊಂಡು, ಮೂಲದಿಂದ ಕಟ್ಟಬೇಕು. ಮೊದಲ ಸಲ ಒಳ್ಳೇ ಸಮಯ ಹಿಡಿಯುತ್ತದೆ, ಹಳೇ ಲ್ಯಾಪ್‌ಟಾಪ್ ಆದರೆ ಫ್ಯಾನ್ ಹಾರಿಹೋಗುವಂತೆ ಸದ್ದು ಮಾಡುತ್ತದೆ. ಕಾಫಿ ಕುಡಿದು ಬನ್ನಿ.

ಕಟ್ಟಿದ ಮೇಲೆ, ಏನನ್ನೂ ಮುಟ್ಟುವ ಮೊದಲು, ಕೋಡ್ ಸರಿಯಿದೆಯೇ ಎಂದು ತಾನಾಗಿ ನೋಡುವ, ಈಗಿರುವ ಟೆಸ್ಟ್‌ಗಳನ್ನು ಓಡಿಸಿ. ಇಡೀ ಲೈಬ್ರರಿಯದ್ದಲ್ಲ. ಫೀಚರ್ ಎಕ್ಸ್‌ಟ್ರಾಕ್ಷನ್ ಫೋಲ್ಡರಿನ ಟೆಸ್ಟ್ಸ್ ಒಳಗೆ ಟೆಸ್ಟ್_ಟೆಕ್ಸ್ಟ್ ಎಂಬ ಫೈಲ್ ಇದೆ, ಅದೊಂದನ್ನೇ ಟೆಸ್ಟ್ ಓಡಿಸುವ ಸಾಧನವಾದ ಪೈಟೆಸ್ಟ್‌ಗೆ ಕೊಡಿ. ಎಲ್ಲ ಹಸಿರು ಬಂದರೆ ಮುಂದೆ ಹೋಗಿ. ಈಗಲೇ ಕೆಂಪು ಬಂದರೆ ತಯಾರಿಯಲ್ಲೇ ಏನೋ ತಪ್ಪಿದೆ. ಅದನ್ನು ಬಿಟ್ಟು ಮುಂದುವರಿದರೆ ಯಾವ ಕೆಂಪು ನಿಮ್ಮದು, ಯಾವುದು ಮೊದಲಿಂದ ಇದ್ದದ್ದು ಎಂದು ತಿಳಿಯದೆ ಒದ್ದಾಡುತ್ತೀರಿ.

ಹಂತ 5: ಮೊದಲು ಟೆಸ್ಟ್, ಆಮೇಲೆ ಕೋಡ್

ಆ ಫೈಲಿನಲ್ಲಿ ಟೆಸ್ಟ್_ಸ್ಟ್ರಿಪ್_ಆಕ್ಸೆಂಟ್ಸ್ ಎಂಬ ಟೆಸ್ಟ್ ಈಗಾಗಲೇ ಇದೆ. ಓದಿ ನೋಡಿ. ಯುರೋಪಿನ ಅಕ್ಷರಗಳ ಜೊತೆ ಒಂದು ಅರಬಿ ಅಕ್ಷರವನ್ನೂ ಯಾರೋ ಸೇರಿಸಿದ್ದಾರೆ, ಪಕ್ಕದಲ್ಲಿ ಅದರ ಹೆಸರಿನ ಕಾಮೆಂಟ್ ಕೂಡ ಬರೆದಿದ್ದಾರೆ. ನಿಮ್ಮ ಕನ್ನಡ ಟೆಸ್ಟಿಗೆ ಇದೇ ಮಾದರಿ. ಅಕ್ಷರವನ್ನು ಯೂನಿಕೋಡ್ ನಂಬರಿನಲ್ಲಿ ಬರೆದು, ಪಕ್ಕದಲ್ಲಿ ಏನೆಂದು ಕಾಮೆಂಟ್ ಹಾಕಿ. ಸುಲಭಕ್ಕೆ ಇಲ್ಲಿ ನೇರವಾಗಿ ಬರೆಯುತ್ತೇನೆ:

ಡೆಫ್ ಟೆಸ್ಟ್_ಹಲಂತ_ಉಳಿಯಬೇಕು():
    ಅಸರ್ಟ್ ಸ್ಟ್ರಿಪ್_ಆಕ್ಸೆಂಟ್ಸ್_ಯೂನಿಕೋಡ್("ಕನ್ನಡ") == "ಕನ್ನಡ"

ಓಡಿಸಿ. ಫೇಲ್ ಆಗಬೇಕು. ಹೌದು, ಫೇಲ್ ಆಗಲೇಬೇಕು! ತಪ್ಪು ಇರುವಾಗ ಬೀಳದ ಟೆಸ್ಟ್ ಯಾವ ಕೆಲಸಕ್ಕೂ ಬಾರದು.

ಈಗ ತಿದ್ದುಪಡಿ. ಫಂಕ್ಷನ್ನಿನಲ್ಲಿ ‘ವರ್ಗ ಸೊನ್ನೆ ಆಗಿದ್ದರೆ ಇಟ್ಟುಕೋ’ ಎಂಬ ಅರ್ಥದ ಒಂದು ಸಾಲು ಇದೆ. ಅದನ್ನು ‘ಸೊನ್ನೆ ಅಥವಾ 9 ಆಗಿದ್ದರೆ ಇಟ್ಟುಕೋ’ ಎಂದು ಬದಲಾಯಿಸಿ. ಅಷ್ಟೇ. ವರ್ಗ 9 ಇರುವುದೇ ಹಲಂತದ ಜಾತಿಯ ಗುರುತುಗಳಿಗೆ, ಹಾಗಾಗಿ ದೇವನಾಗರಿ, ತೆಲುಗಿಗೂ ಉಪಯೋಗವಾಗುತ್ತದೆ. ಟೆಸ್ಟ್ ಹಸಿರಾಯಿತು.

ಆ ಖುಷಿಯಲ್ಲಿ ‘ಕೋಟಿ’ ಎಂಬ ಪದವನ್ನೂ ಟೆಸ್ಟಿಗೆ ಸೇರಿಸಿದಿರಿ ಎನ್ನಿ. ಕೆಂಪು! ಪೈಟೆಸ್ಟ್ ತೋರಿಸುವುದು ಹೀಗೆ: "ಕೋಟಿ" ಮತ್ತು "ಕೋಟಿ" ಒಂದೇ ಅಲ್ಲ. ಕಣ್ಣುಜ್ಜಿ ನೋಡಿದರೂ ಎರಡೂ ಒಂದೇ. ಗುಟ್ಟು ಏನೆಂದರೆ, ಫಂಕ್ಷನ್ ಅಕ್ಷರಗಳನ್ನು ಬಿಡಿಸುತ್ತದೆ ಎಂದೆನಲ್ಲ, ‘ಕೋ’ದಲ್ಲಿನ ಓತ್ವ ದೀರ್ಘ ಒಂದೇ ಗುರುತಾಗಿ ಒಳಹೋಗಿ ಮೂರು ಗುರುತಾಗಿ ಹೊರಬರುತ್ತದೆ: ಏತ್ವ, ಕೊಂಬಿನ ದೀರ್ಘ, ಮತ್ತೆ ಉದ್ದದ ಗುರುತು. ನಾಲ್ಕು ನಂಬರಿನ ಪದ ಆರು ನಂಬರಾಗುತ್ತದೆ. ಪರದೆಯ ಮೇಲೆ ಏನೂ ಗೊತ್ತಾಗುವುದಿಲ್ಲ. ಇದು ನಿಮ್ಮ ತಿದ್ದುಪಡಿಯ ತಪ್ಪಲ್ಲ, ಮೊದಲಿಂದಲೂ ಹೀಗೇ ಇತ್ತು. ಟೆಸ್ಟಿನಲ್ಲಿ ನಿರೀಕ್ಷಿತ ಉತ್ತರವನ್ನೂ ಅದೇ ರೀತಿ ಬಿಡಿಸಿ ಹೋಲಿಸಿ. ಇದನ್ನೂ ಸರಿಪಡಿಸಿಬಿಡೋಣ ಎಂಬ ಆಸೆ ಬರುತ್ತದೆ. ಬೇಡ. ಅದು ಬೇರೆ ಇಶ್ಯೂ. ಒಂದು ಪುಲ್ ರಿಕ್ವೆಸ್ಟಿನಲ್ಲಿ (‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಎಂಬ ಕೋರಿಕೆಯಲ್ಲಿ) ಒಂದೇ ವಿಷಯ ಇರಲಿ.

ಕೊನೆಗೊಂದು ಪರೀಕ್ಷೆ ಮಾಡಿ: ತಿದ್ದಿದ ಸಾಲನ್ನು ಮತ್ತೆ ಹಳೆಯದಕ್ಕೆ ಬದಲಾಯಿಸಿ ಟೆಸ್ಟ್ ಓಡಿಸಿ. ಕೆಂಪು ಬಂದರೆ ಟೆಸ್ಟ್ ನಿಜವಾಗಿ ಕಾವಲು ಕಾಯುತ್ತಿದೆ. ಫ್ರೆಂಚ್, ಅರಬಿಯ ಹಳೆಯ ಟೆಸ್ಟ್‌ಗಳೂ ಹಸಿರಾಗೇ ಇವೆಯಾ ನೋಡಿ.

ಹಂತ 6: ಕಳಿಸುವುದು

ಕಮಿಟ್ ಮಾಡುವ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವ ಮೊದಲು, ಏನೇನು ಬದಲಾಗಿದೆ ಎಂದು ತೋರಿಸುವ ಗಿಟ್ ಡಿಫ್ ನೋಡಿ. ನಿಮ್ಮ ಎಡಿಟರ್ ತನ್ನಷ್ಟಕ್ಕೆ ಐವತ್ತು ಸಾಲಿನ ಖಾಲಿ ಜಾಗ ಸರಿಪಡಿಸಿರಬಹುದು. ಅದನ್ನೆಲ್ಲ ತೆಗೆಯಿರಿ. ಕಮಿಟ್‌ಗೆ ಮುಂಚೆ ತಾನಾಗಿ ತಪಾಸಣೆ ನಡೆಸುವ ಪ್ರೀ-ಕಮಿಟ್ ಹಾಕಿಕೊಂಡರೆ ರಫ್ ಎಂಬ ಸಾಧನ ಶೈಲಿಯ ತಪ್ಪುಗಳನ್ನು ಅಲ್ಲೇ ಹಿಡಿಯುತ್ತದೆ.

ಪುಶ್ ಮಾಡಿ (ನಿಮ್ಮ ಫೋರ್ಕಿಗೆ ಕಳಿಸಿ), ಪುಲ್ ರಿಕ್ವೆಸ್ಟ್ ತೆರೆಯಿರಿ. ತಲೆಬರಹ ಸೈಕಿಟ್-ಲರ್ನ್‌ನಲ್ಲಿ ‘ಫಿಕ್ಸ್’ (ತಿದ್ದುಪಡಿ), ‘ಡಾಕ್’ (ದಾಖಲೆ), ‘ಇಎನ್‌ಎಚ್’ (ಸುಧಾರಣೆ) ಎಂಬಂಥ ಗುರುತಿನಿಂದ ಶುರುವಾಗುತ್ತದೆ. ವಿವರಣೆಯಲ್ಲಿ ಇಶ್ಯೂ ನಂಬರ್ ಕೊಡಿ, ಏನು ಬದಲಾಯಿಸಿದಿರಿ ಮತ್ತು ಯಾಕೆ ಎಂದು ನಾಲ್ಕು ಸಾಲು ಬರೆಯಿರಿ. ಬಳಕೆದಾರರಿಗೆ ತಿಳಿಯಬೇಕಾದ ಬದಲಾವಣೆ ಆದ್ದರಿಂದ ಚೇಂಜ್‌ಲಾಗ್‌ಗೂ (ಬದಲಾವಣೆಗಳ ಪಟ್ಟಿ) ಒಂದು ಸಣ್ಣ ಫೈಲ್ ಬೇಕು. ಅದರ ಹೆಸರಿನಲ್ಲಿ ಪುಲ್ ರಿಕ್ವೆಸ್ಟಿನ ನಂಬರ್ ಇರಬೇಕು. ಹಾಗಾಗಿ ಅದನ್ನು ರಿಕ್ವೆಸ್ಟ್ ತೆರೆದ ಮೇಲಷ್ಟೇ ಬರೆಯಲು ಆಗುವುದು. ಹೊಸಬರೆಲ್ಲ ಇಲ್ಲಿ ಎಡವುತ್ತಾರೆ, ಪರವಾಗಿಲ್ಲ.

ಎಐ ಸಹಾಯ ತೆಗೆದುಕೊಂಡಿದ್ದರೆ? ಯಂತ್ರ ಬರೆದದ್ದನ್ನು ಓದದೆ ತಂದು ಸುರಿಯುವವರಿಂದ ಮೇಂಟೇನರ್‌ಗಳು ಬೇಸತ್ತಿದ್ದಾರೆ. ಸೈಕಿಟ್-ಲರ್ನ್‌ನಲ್ಲಿ ಇದಕ್ಕೆಂದೇ ನಿಯಮ ಇದೆ, ಓದಿಕೊಳ್ಳಿ. ನನ್ನ ಅಳತೆಗೋಲು ಸರಳ: ‘ಈ 9 ಯಾಕೆ?’ ಎಂದು ಯಾರಾದರೂ ಕೇಳಿದರೆ ಏನನ್ನೂ ತೆರೆಯದೆ ಉತ್ತರ ಹೇಳಲು ಬರಬೇಕು.

ಹಂತ 7: ರಿವ್ಯೂ ಮತ್ತು ಕಾಯುವಿಕೆ

ಮೊದಲು ಯಂತ್ರದ ಪರೀಕ್ಷೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಟೆಸ್ಟ್ ಓಡುತ್ತದೆ. ಕೆಂಪು ಬಂದರೆ ಲಾಗ್ ಬಿಡಿಸಿ ಓದಿ. ಕೆಲವೊಮ್ಮೆ ನಿಮಗೆ ಸಂಬಂಧವೇ ಇಲ್ಲದ ಟೆಸ್ಟ್ ಬಿದ್ದಿರುತ್ತದೆ.

ಆಮೇಲೆ ಮನುಷ್ಯರು. ಸೈಕಿಟ್-ಲರ್ನ್‌ನಲ್ಲಿ ಸಾಮಾನ್ಯವಾಗಿ ಇಬ್ಬರು ಕೋರ್ ಡೆವಲಪರ್‌ಗಳು ಒಪ್ಪಿದ ಮೇಲಷ್ಟೇ ಕೋಡ್ ಒಳಗೆ ಹೋಗುತ್ತದೆ. ವಾರಗಳು ಆಗಬಹುದು, ತಿಂಗಳೂ ಆಗಬಹುದು. ಎರಡು ಮೂರು ವಾರ ಮೌನವಾಗಿದ್ದರೆ ವಿನಯದಿಂದ ಒಂದು ಸಾಲು ನೆನಪು ಮಾಡಿ. ದಿನಾ ಕೇಳಬೇಡಿ.

ಹತ್ತು ಕಾಮೆಂಟ್ ಬಂತು ಅಂದರೆ ನಿಮ್ಮ ಕೋಡ್ ಕೆಟ್ಟದ್ದು ಅಂತಲ್ಲ, ಯಾರೋ ಕೂತು ಓದಿದ್ದಾರೆ ಅಂತ. ಪ್ರತಿಯೊಂದಕ್ಕೂ ಉತ್ತರ ಕೊಡಿ: ಒಪ್ಪಿದರೆ ತಿದ್ದಿ ‘ಮಾಡಿದ್ದೇನೆ’ ಎನ್ನಿ, ಒಪ್ಪದಿದ್ದರೆ ಕಾರಣ ಹೇಳಿ. ‘ನುಕ್ತಾದ ವರ್ಗ 7, ಅದನ್ನೂ ಉಳಿಸಬೇಕೇ?’ ಎಂಬಂಥ ಪ್ರಶ್ನೆ ಬರಬಹುದು (ನುಕ್ತಾ ಅಂದರೆ ಹಿಂದಿ ಅಕ್ಷರದ ಕೆಳಗಿನ ಚುಕ್ಕಿ). ಒಳ್ಳೇ ಪ್ರಶ್ನೆ. ಹಿಂದಿ ಬಲ್ಲ ಗೆಳೆಯರನ್ನು ಕೇಳಿ ನೋಡಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.

ತಿದ್ದಿದಾಗ ಅದೇ ಬ್ರಾಂಚಿಗೆ ಹೊಸ ಕಮಿಟ್ ಸೇರಿಸಿ, ಹಳೆಯದನ್ನು ಅಳಿಸಿ ಬರೆಯಲು ಹೋಗಬೇಡಿ. ಓದಿದವರಿಗೆ ಏನು ಬದಲಾಯಿತು ಎಂದು ಕಾಣಬೇಕು. ಕಮಿಟ್ ಎಷ್ಟಿದ್ದರೂ ಕೊನೆಗೆ ಎಲ್ಲವನ್ನೂ ಒಂದಾಗಿ ಹಿಂಡಿಯೇ ಸೇರಿಸುತ್ತಾರೆ.

ಸೇರಿದ ಮೇಲೆ ಬ್ರಾಂಚ್ ಅಳಿಸಿ, ಮೇನ್ ಅನ್ನು ಅಪ್‌ಸ್ಟ್ರೀಮ್ ಜೊತೆ ಸರಿದೂಗಿಸಿಕೊಳ್ಳಿ. ಬದಲಾವಣೆ ಬಳಕೆದಾರರ ಕೈಗೆ ಹೋಗುವುದು ಮುಂದಿನ ಬಿಡುಗಡೆಯಲ್ಲಿ, ಹಾಗಾಗಿ ಅಲ್ಲಿಯವರೆಗೆ ನಿಮ್ಮ ಪ್ರೋಗ್ರಾಂನಲ್ಲಿ ಪಾರಾಗುವ ದಾರಿಯನ್ನು ತೆಗೆಯಬೇಡಿ. ಸೇರದೇ ಮುಚ್ಚಿದರೆ, ಬರೆದ ಟೆಸ್ಟನ್ನು ನಿಮ್ಮ ಸ್ವಂತ ಪ್ರಾಜೆಕ್ಟಿನಲ್ಲೇ ಇಟ್ಟುಕೊಳ್ಳಿ. ಧಾರವಾಡ, ಬೀದರ್, ಮೈಸೂರು, ‘ಫೇಸ್‌ಬುಕ್‌ನಲ್ಲಿ’, ಕೋಟಿ ಇರುವ ನನ್ನ ಪಟ್ಟಿ ಹಾಗೇ ಬೆಳೆದದ್ದು. ಬರಹ ಒಡೆಯುವ ಯಾವ ಹೊಸ ಲೈಬ್ರರಿ ಕೈಗೆ ಬಂದರೂ ಮೊದಲು ಈ ಐದು ಪದ ಕೊಟ್ಟು ನೋಡುತ್ತೇನೆ. ಗದಗ ಕೊಡುವುದಿಲ್ಲ, ಅದು ಎಲ್ಲಿ ಹಾಕಿದರೂ ಪಾಸಾಗುತ್ತದೆ.